ಸ್ವದೇಶೀ ವ್ರತವೂ ನಮ್ಮ ಸೀಮೆಯ ಹತ್ತಿಯೂ

ಎರಡು ದೇಶಗಳು ವ್ಯಾಪಾರದ ವಿಷಯದಲ್ಲಿ ಮುನಿದುಕೊಂಡು ಒಂದರ ಸರಕಿನ ಮೇಲೆ ಮತ್ತೊಂದು ಸುಂಕವನ್ನು ಹೇರುವುದೂ, ಅಂತಹ ಕಾಲದಲ್ಲಿ ಪ್ರಜೆಗಳು ಪರದೇಶದ ಸರಕನ್ನು ವರ್ಜಿಸಿ ಸ್ವದೇಶದ ಸರಕನ್ನೇ ಕೊಳ್ಳುವೆವೆಂದು ವ್ರತ ಹಿಡಿಯುವುದೂ ಲೋಕದಲ್ಲಿ ಹೊಸತಲ್ಲ. 2025ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅಮೇರಿಕಾ ಸಂಯುಕ್ತ ಸಂಸ್ಥಾನದವರು ಭಾರತದ ಅನೇಕ ಸರಕುಗಳ ಮೇಲೆ ಶೇಕಡಾ 50ರಷ್ಟು ಸುಂಕವನ್ನು ವಿಧಿಸಿದಾಗ ಸ್ವದೇಶಿಯೆಂಬ ಹಳೆಯ ಮಾತು ದೇಶದ ತುಂಬ ಮತ್ತೆ ಕೇಳಿಬಂದಿತು. ಈ ಮಾತಿನ ಹಿಂದೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಒಕ್ಕಲಿಗನಿಗೂ ನೇಕಾರನಿಗೂ ಕಂಬಳಿಗಾರನಿಗೂ ಪಾಲುಂಟು. ಶ್ರೀಮಠದ ಸದ್ಭಕ್ತರಲ್ಲಿ ಬಹುಮಂದಿ ಈ ಮೂರು ಕಸುಬುಗಳ ಮನೆತನದವರೇ ಆಗಿರುವುದರಿಂದ, ಈ ಮಹೋತ್ಸವ ಸಂಪುಟದಲ್ಲಿ ಆ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಸ್ವದೇಶಿಯೆಂದರೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಇದು ಬೇಕು, ಅದು ಬೇಡ ಎನ್ನುವಷ್ಟು ಮಾತ್ರವೇ, ಅಥವಾ ಅದಕ್ಕೂ ಹಿಂದೆ ಹೊಲದಲ್ಲಿಯೂ ಮಗ್ಗದಲ್ಲಿಯೂ ನಡೆಯಬೇಕಾದುದೊಂದು ಉಂಟೇ ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ. ಶರಣರ ಸಮೂಹದಲ್ಲಿ ಜೇಡರ ದಾಸಿಮಯ್ಯನವರು ನೆಯ್ದರು; ಕದಿರೆ ರೆಮ್ಮವ್ವೆಯವರು ನೂತರು. ನೂಲುವ ಕೈಗೂ ನೆಯ್ಯುವ ಕೈಗೂ ಉಡುವ ಮೈಗೂ ನಡುವೆ ಆ ಕಾಲದಲ್ಲಿ ಸಮುದ್ರವಿದ್ದಿಲ್ಲ. ಆ ಸಮುದ್ರವು ನಡುವೆ ಹೇಗೆ ಬಂದಿತೆಂಬುದನ್ನು ಮೊದಲು ನೋಡೋಣ.

ಈ ಐದು ಸ್ಥಳಗಳ ಭೂಮಿ ಏಕರೂಪವಾದುದಲ್ಲ. ಹಡಗಲಿ, ಹರಪನಹಳ್ಳಿಗಳ ಕಡೆ ಎರೆಯ ಹೊಲಗಳು ಹರಡಿಕೊಂಡಿವೆ. ಕೂಡ್ಲಿಗಿಯ ಕಡೆ ಮಸಾರಿ ನೆಲವೂ ಕಲ್ಲುಗುಡ್ಡಗಳೂ ಕುರಿಗಳ ಮೇವೂ ಹೆಚ್ಚು. ಎರೆಯಲ್ಲಿ ಹತ್ತಿ, ಜೋಳ; ಮಸಾರಿಯಲ್ಲಿ ಸಜ್ಜೆ, ನವಣೆ, ಕುರಿಯ ಉಣ್ಣೆ. ಹತ್ತಿಯನ್ನು ಬಿಡಿಸಿ ತಂದು, ಬೀಜವನ್ನು ಬೇರ್ಪಡಿಸಿ, ಹಿಂಜಿ ಹಂಜಿ ಮಾಡಿ, ರಾಟಿಯಲ್ಲಿ ನೂತು, ಊರ ನೇಕಾರನಿಗೆ ಕೊಟ್ಟು ಬಟ್ಟೆ ಪಡೆಯುತ್ತಿದ್ದರು. ಉಣ್ಣೆಯನ್ನು ಕತ್ತರಿಸಿ ನೂತು, ಹುಣಿಸೆ ಬೀಜದ ಗಂಜಿಯನ್ನು ಹಾಸಿಗೆ ಹಚ್ಚಿ ಒಣಗಿಸಿ ಕುರುಬರು ಕಂಬಳಿ ನೆಯ್ಯುತ್ತಿದ್ದರು. ಮಳೆಗೆ ಕೊಡೆಯಾಗಿ, ಚಳಿಗೆ ಹೊದಿಕೆಯಾಗಿ, ಮದುವೆಗೆ ಹಸೆಯಾಗಿ ಆ ಒಂದು ಕಂಬಳಿ ಒಕ್ಕಲಿಗನ ಬಾಳನ್ನು ಕಾಯುತ್ತಿದ್ದಿತು. ಹೀಗೆ ಬೆಳೆಯುವವನೂ ಮಾಡುವವನೂ ಕೊಳ್ಳುವವನೂ ಒಂದೇ ಸಂತೆಯಲ್ಲಿ ಒಬ್ಬರನ್ನೊಬ್ಬರು ಕಾಣುತ್ತಿದ್ದರು. ಆ ವ್ಯವಸ್ಥೆಯಲ್ಲಿ ಬಡತನವಿದ್ದಿಲ್ಲವೆಂದು ಹೇಳಲಾಗದು. ಆದರೆ ಪರಸ್ಪರ ಅವಲಂಬನವಿದ್ದಿತು.

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿಯನ್ನೊಳಗೊಂಡ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟರು. ಈ ದತ್ತಮಂಡಲಗಳಿಗೆ 1800ರಿಂದ 1807ರವರೆಗೆ ಮುಖ್ಯ ಕಲೆಕ್ಟರಾಗಿದ್ದವರು ತಾಮಸ್ ಮನ್ರೋ ಸಾಹೇಬರು. ಹಳ್ಳಿಹಳ್ಳಿಗಳನ್ನು ಸುತ್ತಿ ರೈತವಾರಿ ಪದ್ಧತಿಯನ್ನು ಬೇರೂರಿಸಿದವರು ಇವರೇ. ಇಂಗ್ಲೆಂಡಿಗೆ ಹಿಂದಿರುಗಿದ ಬಳಿಕ, 1813ರಲ್ಲಿ, ಕಂಪೆನಿಯ ಸನ್ನದನ್ನು ನವೀಕರಿಸುವ ಸಂದರ್ಭದಲ್ಲಿ ಪಾರ್ಲಿಮೆಂಟಿನ ಮುಂದೆ ಇವರು ಸಾಕ್ಷ್ಯವನ್ನು ಕೊಟ್ಟರು. ಹಿಂದೂಸ್ಥಾನದ ಜನರಿಗೆ ಬೇಕಾದುದೆಲ್ಲ ಅವರ ದೇಶದಲ್ಲಿಯೇ ಅಗ್ಗವಾಗಿಯೂ ಚೆನ್ನಾಗಿಯೂ ಆಗುವುದರಿಂದ ಇಂಗ್ಲೆಂಡಿನ ಸರಕಿಗೆ ಅಲ್ಲಿ ಹೆಚ್ಚು ಗಿರಾಕಿ ದೊರೆಯದೆಂಬುದು ಇವರ ಅಭಿಪ್ರಾಯವಾಗಿದ್ದಿತು. ತಾವು ಏಳು ವರ್ಷ ಬಳಸಿದ ಇಲ್ಲಿಯ ಶಾಲೊಂದು ಹೊಸದರಂತೆಯೇ ಇದೆಯೆಂದೂ, ಯೂರೋಪಿನ ಶಾಲನ್ನು ಪುಕ್ಕಟೆಯಾಗಿ ಕೊಟ್ಟರೂ ತಾವು ಹೊದೆಯುವುದಿಲ್ಲವೆಂದೂ ಅರ್ಥ ಬರುವಂತೆ ಅವರು ನುಡಿದರು. ಸ್ವದೇಶಿಯ ಪರವಾದ ಪ್ರಶಸ್ತಿಪತ್ರಗಳಲ್ಲಿ ಇದಕ್ಕೆ ಮೊದಲ ಸ್ಥಾನ ಸಲ್ಲಬೇಕು. ಅದನ್ನು ಕೊಟ್ಟವರು ಪರದೇಶದವರೇ ಆಗಿದ್ದುದು ವಿಶೇಷ.

ಆದರೆ ಮನ್ರೋ ಸಾಹೇಬರ ಲೆಕ್ಕ ತಪ್ಪಿತು. ಅದೇ 1813ರ ಶಾಸನದಿಂದ ಕಂಪೆನಿಯ ಏಕಸ್ವಾಮ್ಯವು ಚಹಾ ಮತ್ತು ಚೀನಾದ ವ್ಯಾಪಾರವೊಂದನ್ನುಳಿದು ರದ್ದಾಯಿತು. ಉಗಿಯಂತ್ರದಿಂದ ನಡೆಯುವ ಲ್ಯಾಂಕಾಶೈರ್ ಸೀಮೆಯ ಗಿರಣಿಗಳ ನೂಲೂ ಬಟ್ಟೆಯೂ ಹಡಗುಗಳಲ್ಲಿ ತುಂಬಿ ಬರತೊಡಗಿದವು. ನಮ್ಮ ಬಟ್ಟೆಗೆ ಅಲ್ಲಿ ಭಾರಿ ಸುಂಕ. ಅಲ್ಲಿಯ ಬಟ್ಟೆಗೆ ಇಲ್ಲಿ ಹೆಸರಿಗೆ ಮಾತ್ರ ಸುಂಕ. ಅದಲ್ಲದೆ ಮದರಾಸು ಆಧಿಪತ್ಯದ ನೇಕಾರನು ತನ್ನ ಮಗ್ಗಕ್ಕೆ ಮೊಹತರ್ಫಾ ಎಂಬ ತೆರಿಗೆಯನ್ನೂ ತೆರಬೇಕಾಗಿದ್ದಿತು. ಮೊದಲು ನಿಂತುದು ರಾಟಿ. ನೂಲುವ ಹೆಂಗಸರ ಕೈಗೆ ಕೆಲಸ ತಪ್ಪಿತು. ನೇಕಾರನು ಅಗ್ಗವಾದ ಪರದೇಶದ ನೂಲನ್ನು ಕೊಂಡು ಕೆಲವು ಕಾಲ ಉಸಿರು ಹಿಡಿದುಕೊಂಡನು. ಒಕ್ಕಲಿಗನು ಹತ್ತಿಯನ್ನು ಮಾರಿ ಬಟ್ಟೆಯನ್ನು ಕೊಳ್ಳುವವನಾದನು. ತನ್ನ ಹೊಲದ ಅರಳೆಯೇ ಸಮುದ್ರವನ್ನು ದಾಟಿ ಬಟ್ಟೆಯಾಗಿ ಮರಳಿ ಬಂದಾಗ ಅದಕ್ಕೆ ಅವನೇ ಬೆಲೆ ತೆರಬೇಕಾಯಿತು.

ದೂರದ ಕಲಹವು ಹತ್ತಿಯ ಹೊಲಕ್ಕೆ ಹೇಗೆ ಇಳಿಯುತ್ತದೆಂಬುದನ್ನು ಈ ಸೀಮೆಯವರು ಅಮೇರಿಕಾದ ಅಂತರ್ಯುದ್ಧದ ಕಾಲದಲ್ಲಿ ಕಂಡರು. 1861ರಿಂದ 1865ರವರೆಗೆ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಲ್ಯಾಂಕಾಶೈರಿನವರ ದೃಷ್ಟಿ ಧಾರವಾಡ, ಬಳ್ಳಾರಿಗಳ ಎರೆಯ ಮೇಲೆ ಬಿದ್ದಿತು. ಹತ್ತಿಯ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು. ಯುದ್ಧ ನಿಂತೊಡನೆ ಆ ಧಾರಣೆ ಕುಸಿಯಿತು. ಕೆಲವು ವರ್ಷಗಳ ಬಳಿಕ 1876ರಿಂದ 1878ರವರೆಗಿನ ಮಹಾಕ್ಷಾಮವು ಬಳ್ಳಾರಿ ಸೀಮೆಯನ್ನು ಉರುಹಿಬಿಟ್ಟಿತು. ಕ್ಷಾಮದಲ್ಲಿ ಮನುಷ್ಯನು ಮೊದಲು ಬಿಡುವುದು ಹೊಸ ಬಟ್ಟೆಯನ್ನು. ಆದುದರಿಂದ ಒಕ್ಕಲಿಗನ ಸಂಗಡಲೇ ನೇಕಾರನೂ ಹಸಿದನು.

ಈ ನಡುವೆ ಸುಂಕದ ನೀತಿ ಲ್ಯಾಂಕಾಶೈರಿನವರ ಇಚ್ಛೆಯಂತೆಯೇ ನಡೆಯಿತು. 1879ರಲ್ಲಿ ದೊಡ್ಡ ನೂಲಿನ ಬಟ್ಟೆಗಳ ಮೇಲಿನ ಆಯಾತಸುಂಕವನ್ನು ತೆಗೆದರು; 1882ರಲ್ಲಿ ಬಟ್ಟೆಯ ಸುಂಕವೆಲ್ಲವೂ ಹೋಯಿತು. 1896ರಲ್ಲಿ ಹೊರಗಿನ ಬಟ್ಟೆಗೆ ಶೇಕಡಾ 3½ ಸುಂಕವನ್ನಿಟ್ಟು, ಅದಕ್ಕೆ ಸರಿಸಮವಾಗಿ ಭಾರತದ ಗಿರಣಿಯ ಬಟ್ಟೆಯ ಮೇಲೆಯೂ ಶೇಕಡಾ 3½ರ ಅಬಕಾರಿಯನ್ನು ಹೇರಿದರು. ತನ್ನ ಮನೆಯಲ್ಲಿ ತಾನು ಮಾಡಿದ ವಸ್ತುವಿಗೆ, ಹೊರಗಿನವನಿಗೆ ನಷ್ಟವಾಗಬಾರದೆಂದು ದಂಡ ತೆರುವ ಈ ನ್ಯಾಯವನ್ನು ದೇಶದ ಹಿರಿಯರು ಎಂದೂ ಮರೆಯಲಿಲ್ಲ. ಆ ಅಬಕಾರಿಯ ವಸೂಲಿ 1925ರ ಡಿಸೆಂಬರಿನಲ್ಲಿ ಮಾತ್ರ ನಿಂತಿತು. 20ನೆಯ ಶತಮಾನದ ಆದಿಭಾಗದಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮಾರ್ಗವಾಗಿ ಕೊಟ್ಟೂರಿಗೆ ರೈಲುದಾರಿಯೂ ಬಂದಿತು. ಧಾನ್ಯವೂ ಹತ್ತಿಯೂ ಹೊರಗೆ ಹೋಗುವುದು ಸುಲಭವಾಯಿತು. ಪರದೇಶದ ಬಟ್ಟೆ ಒಳಗೆ ಬರುವುದೂ ಅಷ್ಟೇ ಸುಲಭವಾಯಿತು.

1905ರ ಆಗಸ್ಟ್ 7ರಂದು ಕಲಕತ್ತೆಯ ಪುರಭವನದಲ್ಲಿ ಕೂಡಿದ ಸಭೆಯು, ಬಂಗಾಳದ ವಿಭಜನೆಯನ್ನು ಪ್ರತಿಭಟಿಸಿ, ಬ್ರಿಟಿಷ್ ಸರಕಿನ ಬಹಿಷ್ಕಾರವನ್ನು ಸಾರಿತು. ಬಂಗಾಳದ ಆ ಮಾತನ್ನು ಮಹಾರಾಷ್ಟ್ರದಲ್ಲಿ ಲೋಕಮಾನ್ಯ ತಿಲಕರು ಎತ್ತಿ ಹಿಡಿದರು. ಅಲ್ಲಿಂದ ಅದು ಕನ್ನಡನಾಡಿಗೆ ಇಳಿಯಿತು. ಹರಪನಹಳ್ಳಿಗೆ ನೆರೆಯಾದ, ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ದಾವಣಗೆರೆಯಲ್ಲಿ ಅದಕ್ಕೆ ಬಾಯಾದವರು ಹರ್ಡೇಕರ ಮಂಜಪ್ಪನವರು. 1886ರಲ್ಲಿ ಬನವಾಸಿಯಲ್ಲಿ ಜನಿಸಿ, ಶಾಲಾಮಾಸ್ತರಿಕೆಯನ್ನು ತ್ಯಜಿಸಿ, 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ಎಂಬ ವಾರಪತ್ರಿಕೆಯನ್ನು ಇವರು ಹೊರಡಿಸಿದರು. 1913ರಲ್ಲಿ ಅದೇ ಊರಿನ ವಿರಕ್ತಮಠದಲ್ಲಿ ಬಸವಜಯಂತಿಯ ಸಾರ್ವಜನಿಕ ಆಚರಣೆಯನ್ನು ಪ್ರಾರಂಭಗೊಳಿಸಿದವರೂ ಇವರೇ. ಮುಂದೆ ಹರಿಹರದಲ್ಲಿ ತುಂಗಭದ್ರೆಯ ತೀರದಲ್ಲಿ ಸತ್ಯಾಗ್ರಹಾಶ್ರಮವನ್ನು ನಡೆಯಿಸಿದ ಈ ಮಹನೀಯರನ್ನು ಜನರು ಕರ್ನಾಟಕದ ಗಾಂಧಿಯೆಂದು ಕರೆದರು. ಕಾಯಕವೂ ಸ್ವದೇಶಿಯೂ ಎರಡಲ್ಲವೆಂಬುದನ್ನು ಇವರಷ್ಟು ತಿಳಿಯಾಗಿ ಬಾಳಿ ತೋರಿಸಿದವರು ವಿರಳ. ಪರರನ್ನು ದ್ವೇಷಿಸುವುದು ಸುಲಭ; ತನ್ನ ಊರಿನ ದುಡಿಮೆಗಾರನಿಗೆ ಅನ್ನವಾಗುವಂತೆ ತನ್ನ ಖರ್ಚನ್ನು ತಿದ್ದಿಕೊಳ್ಳುವುದು ಕಷ್ಟ. ಅವರ ಬಾಳು ಎರಡನೆಯದರ ಪರವಾಗಿದ್ದಿತು.

ಅಸಹಕಾರದ ಕಾಲದಲ್ಲಿ ಈ ವ್ರತವು ಹಳ್ಳಿಗಳನ್ನು ಮುಟ್ಟಿತು. 1921ರ ಸೆಪ್ಟೆಂಬರ್ 22ರಂದು ಮಹಾತ್ಮಾ ಗಾಂಧಿಯವರು ಮಧುರೆಯಲ್ಲಿ ನಿಲುವಂಗಿಯನ್ನು ತೊರೆದು ಮೊಣಕಾಲುದ್ದದ ಪಂಚೆಯನ್ನು ಉಟ್ಟರು. ಬಡವರಿಗೆ ಮೈತುಂಬ ಖಾದಿಯನ್ನು ಕೊಳ್ಳುವ ಶಕ್ತಿಯಿಲ್ಲವಾದುದರಿಂದ, ಇರುವ ಖಾದಿಯಲ್ಲಿಯೇ ತೃಪ್ತಿಪಡುವ ದಾರಿಯನ್ನು ತಾವೇ ಮೊದಲು ನಡೆದು ತೋರಿಸಬೇಕೆಂಬುದು ಅವರ ಭಾವನೆಯಾಗಿದ್ದಿತು. ಕೆಲವೇ ದಿನಗಳಲ್ಲಿ, ಅಕ್ಟೋಬರ್ ತಿಂಗಳ ಆದಿಯಲ್ಲಿ, ಅವರು ಬಳ್ಳಾರಿಗೆ ಬಂದರು. 1924ರ ಡಿಸೆಂಬರಿನಲ್ಲಿ ಅವರ ಅಧ್ಯಕ್ಷತೆಯಲ್ಲಿ ಕೂಡಿದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನವು, ಸದಸ್ಯರಾಗಬಯಸುವವರು ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕೆಂಬ ನಿಯಮವನ್ನು ಅಂಗೀಕರಿಸಿತು. ಹಣದ ಬದಲಿಗೆ ದುಡಿಮೆಯನ್ನೇ ಚಂದಾ ಆಗಿ ಕೇಳಿದ ಈ ನಿಯಮವು ಬಹುಕಾಲ ನಡೆಯಲಿಲ್ಲವಾದರೂ, ಕೊಳ್ಳುವವನೂ ಒಮ್ಮೆ ಮಾಡುವವನಾಗಿ ನೋಡಲೆಂಬ ಅದರ ಆಶಯ ದೊಡ್ಡದು. 1934ರ ಹರಿಜನಯಾತ್ರೆಯಲ್ಲಿಯೂ ಮಹಾತ್ಮರು ಬಳ್ಳಾರಿ ಜಿಲ್ಲೆಯಲ್ಲಿ ಸಂಚರಿಸಿದರು. ಅವರ ಚಿತಾಭಸ್ಮವನ್ನಿರಿಸಿದ ಹುತಾತ್ಮರ ಸ್ಮಾರಕವು ಕೂಡ್ಲಿಗಿಯಲ್ಲಿದೆ.

ಈ ವ್ರತಕ್ಕೆ ಎದುರಾದ ಕಷ್ಟಗಳನ್ನು ಮುಚ್ಚಿಟ್ಟು ಹೊಗಳಿಕೆಯನ್ನು ಮಾತ್ರ ಬರೆಯುವುದು ಚರಿತ್ರೆಯ ಧರ್ಮವಲ್ಲ. ಖಾದಿ ದುಬಾರಿ; ಗಿರಣಿಯ ಬಟ್ಟೆ ಅಗ್ಗ. ವರ್ಷಕ್ಕೊಂದು ಸೀರೆಯನ್ನು ಕಾಣದ ಕೂಲಿಯ ಹೆಂಗಸು ಅಗ್ಗದ ಬಟ್ಟೆಗೆ ಕೈಚಾಚಿದರೆ ಅದನ್ನು ದೇಶದ್ರೋಹವೆನ್ನಲು ಯಾರಿಗೆ ಅಧಿಕಾರ? ಕೈಮಗ್ಗದ ಬಟ್ಟೆಯೆಂದು ಮಾರಿದುದರಲ್ಲಿಯೂ ಹೊಕ್ಕು ಹಾಸುಗಳು ಎಷ್ಟೋ ವೇಳೆ ಪರದೇಶದ ನೂಲಿನವೇ ಆಗಿರುತ್ತಿದ್ದವು. 1921ರ ಜುಲೈ 31ರಂದು ಬೊಂಬಾಯಿಯಲ್ಲಿ ವಿದೇಶೀ ಬಟ್ಟೆಗಳ ದೊಡ್ಡ ರಾಶಿಗೆ ಬೆಂಕಿಯಿಟ್ಟಾಗ, ಬತ್ತಲೆಯಿರುವ ಬಡವರ ದೇಶದಲ್ಲಿ ಬಟ್ಟೆಯನ್ನು ಸುಡುವುದು ಸರಿಯೇ ಎಂದು ಕವಿ ರವೀಂದ್ರನಾಥ ಠಾಕೂರರು ಪ್ರಶ್ನಿಸಿದರು. ಅವರ ಪ್ರಶ್ನೆಗೆ ಮಹಾತ್ಮರು ಉತ್ತರವನ್ನೂ ಕೊಟ್ಟರು. ಇಬ್ಬರೂ ಬಡವನ ಹಿತವನ್ನೇ ಬಯಸಿದವರು. ಆದರೂ ದಾರಿ ಒಂದೇ ಆಗಿರಲಿಲ್ಲ. ಸ್ವದೇಶಿಯು ಬಡವನ ಮೇಲೆ ಹೊರೆಯಾಗದಂತೆ ನಡೆಯಬೇಕಾದರೆ ಉಳ್ಳವನು ಮೊದಲು ಬೆಲೆ ತೆರಬೇಕೆಂಬುದೇ ಆ ಸಂವಾದದಿಂದ ನಾವು ತೆಗೆದುಕೊಳ್ಳತಕ್ಕ ಸಾರ.

ಇನ್ನು ಸುಂಕದ ಕಲಹವು ಪೂರ್ಣರೂಪವನ್ನು ತಾಳಿದ 1930ರ ಮುಂದಿನ ವರ್ಷಗಳಿಗೆ ಬರೋಣ. ಉಪ್ಪಿನ ಸತ್ಯಾಗ್ರಹದ ಜೊತೆಯಲ್ಲಿಯೇ ವಿದೇಶೀ ಬಟ್ಟೆಯ ಅಂಗಡಿಗಳ ಮುಂದೆ ನಿರೋಧಗಳು ನಡೆದವು. 1913–14ರಲ್ಲಿ ಸುಮಾರು 320 ಕೋಟಿ ಗಜದಷ್ಟು ಬಂದಿದ್ದ ಹೊರಗಿನ ಬಟ್ಟೆಯು 1930–31ರಲ್ಲಿ 90 ಕೋಟಿ ಗಜಕ್ಕಿಂತ ಕೆಳಗಿಳಿಯಿತು. ಇದರಲ್ಲಿ ಬಹಿಷ್ಕಾರದ ಪಾಲೂ ಉಂಟು, ಲೋಕವನ್ನೆಲ್ಲ ಹಿಡಿದಿದ್ದ ಆರ್ಥಿಕ ಮುಗ್ಗಟ್ಟಿನ ಪಾಲೂ ಉಂಟು. 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಸರ್ಕಾರದವರೇ ಸ್ವದೇಶೀ ಉದ್ಯಮಗಳ ಪ್ರೋತ್ಸಾಹವನ್ನು ಒಪ್ಪಿ, ಬ್ರಿಟಿಷ್ ಸರಕಿನ ಬಹಿಷ್ಕಾರವನ್ನು ರಾಜಕೀಯ ಅಸ್ತ್ರವಾಗಿ ಬಳಸಕೂಡದೆಂದು ಮಾತ್ರ ಕಟ್ಟುಮಾಡಿದರು. ತನ್ನ ನೆರೆಯವನ ಸರಕನ್ನು ಕೊಳ್ಳುವುದು ಬೇರೆ, ಇನ್ನೊಬ್ಬನನ್ನು ದಂಡಿಸಲು ಅವನ ಸರಕನ್ನು ಬಿಡುವುದು ಬೇರೆ ಎಂಬ ಭೇದವು ಹೀಗೆ ಲಿಖಿತವಾಯಿತು.

ಬ್ರಿಟನ್ನಿನ ಬಟ್ಟೆಗೆ ತಡೆ ಬಿದ್ದ ಕಾಲದಲ್ಲಿ ಜಪಾನಿನ ಬಟ್ಟೆ ಅಗ್ಗದ ಬೆಲೆಗೆ ನುಗ್ಗಿತು. ಭಾರತದ ಗಿರಣಿಯವರು ಮೊರೆಯಿಟ್ಟರು. ಬ್ರಿಟನ್ನಿನದಲ್ಲದ ಹತ್ತಿಬಟ್ಟೆಯ ಮೇಲಿನ ಸುಂಕವನ್ನು 1932ರ ಆಗಸ್ಟಿನಲ್ಲಿ ಶೇಕಡಾ 50ಕ್ಕೂ, 1933ರ ಜೂನಿನಲ್ಲಿ ಶೇಕಡಾ 75ಕ್ಕೂ ಏರಿಸಿದರು. ಪೇಟೆಯಲ್ಲಿ ಇದನ್ನು ಕೇಳಿದವರು ಸ್ವದೇಶಿಗೆ ಜಯವಾಯಿತೆಂದು ತಿಳಿದಿರಬಹುದು. ಆದರೆ ಜಪಾನಿನ ಗಿರಣಿಯವರು ಅದಕ್ಕೆ ಉತ್ತರವಾಗಿ ಭಾರತದ ಹತ್ತಿಯನ್ನು ಕೊಳ್ಳುವುದನ್ನೇ ನಿಲ್ಲಿಸಿಬಿಟ್ಟರು. ಭಾರತದ ಗಿಡ್ಡ ಎಳೆಯ ಹತ್ತಿಗೆ ಅವರೇ ದೊಡ್ಡ ಗಿರಾಕಿಗಳು. ಧಾರಣೆಯನ್ನು ಗೊತ್ತುಮಾಡುತ್ತಿದ್ದುದು ಬೊಂಬಾಯಿಯ ಪೇಟೆಯಾದುದರಿಂದ, ಅಲ್ಲಿ ಬಿದ್ದ ಪೆಟ್ಟಿನಿಂದ ದೇಶದ ಯಾವ ಹತ್ತಿಯ ಹೊಲವೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಗಿರಣಿಯನ್ನು ಕಾಯಲು ಕಟ್ಟಿದ ಗೋಡೆಯ ನೆರಳು ಒಕ್ಕಲಿಗನ ಬೆಳೆಯ ಮೇಲೆ ಬಿದ್ದಿತು.

ಕಡೆಗೆ 1934ರ ಜನವರಿಯಲ್ಲಿ ಭಾರತಕ್ಕೂ ಜಪಾನಿಗೂ ಒಡಂಬಡಿಕೆಯಾಯಿತು. ಜಪಾನು 10 ಲಕ್ಷ ಬೇಲು ಹತ್ತಿಯನ್ನು ಕೊಂಡರೆ 32½ ಕೋಟಿ ಗಜ ಬಟ್ಟೆಯನ್ನು ಕಳುಹಿಸಬಹುದು. 15 ಲಕ್ಷ ಬೇಲು ಕೊಂಡರೆ 40 ಕೋಟಿ ಗಜದವರೆಗೂ ಕಳುಹಿಸಬಹುದು. ಸುಂಕವು ಶೇಕಡಾ 50ಕ್ಕೆ ಇಳಿಯುವುದು. ಇದಕ್ಕೆ ಮೊದಲೇ, 1933ರ ಅಕ್ಟೋಬರಿನಲ್ಲಿ, ಬೊಂಬಾಯಿಯ ಗಿರಣಿಯವರ ಪರವಾಗಿ ಹೋಮಿ ಮೋದಿಯವರೂ ಲ್ಯಾಂಕಾಶೈರಿನವರ ಪರವಾಗಿ ಕ್ಲೇರ್ ಲೀಸರೂ ಒಂದು ಒಪ್ಪಂದಕ್ಕೆ ಬಂದಿದ್ದರು. ಅದರಲ್ಲಿಯೂ ಭಾರತದ ಹತ್ತಿಯ ಬಳಕೆಯನ್ನು ಹೆಚ್ಚಿಸುವ ಮಾತು ಸೇರಿದ್ದಿತು. ದೊಡ್ಡ ದೇಶಗಳ ಮುನಿಸನ್ನು ತಣಿಸಿದ ಸಂಧಿಪತ್ರಗಳಲ್ಲಿ ಅಳತೆಗೋಲಾಗಿ ನಿಂತುದು ಒಕ್ಕಲಿಗನ ಹತ್ತಿಯ ಬೇಲು. ಆದರೆ ಆ ಮಾತುಕತೆಯ ಮೇಜಿನ ಬಳಿ ಒಕ್ಕಲಿಗನಿಗೆ ಗಿರಣಿಯವನಷ್ಟು ದೊಡ್ಡ ದನಿಯಿದ್ದಿಲ್ಲ.

ಈ ಚರಿತ್ರೆಯು ಕಲಿಸುವ ಪಾಠವೇನು? ಸ್ವದೇಶಿಯು ಮೂರು ಕಾಲಿನ ಪೀಠ. ಬೆಳೆಯುವವನು, ಮಾಡುವವನು, ಕೊಳ್ಳುವವನು ಎಂಬ ಮೂವರಲ್ಲಿ ಒಬ್ಬನನ್ನು ಮರೆತರೂ ಪೀಠ ನಿಲ್ಲದು. ಸುಂಕದ ಗೋಡೆಯಿಂದ ಮಾಡುವವನು ಉಳಿಯಬಹುದು, ಬೆಳೆಯುವವನು ಕೆಡಬಹುದು. ಗೋಡೆಯನ್ನು ಕೆಡವಿದರೆ ಕೊಳ್ಳುವವನಿಗೆ ಲಾಭವಾಗಬಹುದು, ಮಾಡುವವನು ಅಳಿಯಬಹುದು. 2025ರಲ್ಲಿಯೂ ಹೀಗೆಯೇ ಆಯಿತು. ಅಮೇರಿಕಾದ ಸುಂಕದಿಂದ ಬಟ್ಟೆಯ ಕಾರ್ಖಾನೆಗಳಿಗೆ ಸಂಕಟ ಬಂದ ಆಗಸ್ಟ್ ತಿಂಗಳಲ್ಲಿಯೇ, ಹೊರಗಿನ ಹತ್ತಿಯ ಮೇಲಿದ್ದ ಶೇಕಡಾ 11ರ ಸುಂಕವನ್ನು ನಮ್ಮ ಸರ್ಕಾರದವರು ಮೊದಲು ಸೆಪ್ಟೆಂಬರ್ ಕೊನೆಯವರೆಗೆ, ಬಳಿಕ ಡಿಸೆಂಬರ್ ಕೊನೆಯವರೆಗೆ ತೆಗೆದಿರಿಸಿದರು. ಕಾರ್ಖಾನೆಗೆ ಅಗ್ಗದ ಅರಳೆ ದೊರೆಯಲೆಂಬುದು ಉದ್ದೇಶ. ಸ್ವದೇಶಿಯ ಮಾತು ಎಲ್ಲೆಡೆಯಲ್ಲಿ ಕೇಳುತ್ತಿರುವಾಗಲೇ ಸುಗ್ಗಿಯ ಮುಖದಲ್ಲಿ ಹೊರಗಿನ ಹತ್ತಿ ಸುಂಕವಿಲ್ಲದೆ ಬಂದರೆ ತಮ್ಮ ಗತಿಯೇನೆಂದು ಹತ್ತಿ ಬೆಳೆಯುವವರು ಕೇಳಿದರು. 1933ರಲ್ಲಿಯೂ 2025ರಲ್ಲಿಯೂ ಪ್ರಶ್ನೆ ಒಂದೇ.

ಮಾಡುವವನ ಕಥೆಯೂ ವಿಚಾರಣೀಯವಾದುದು. 1930ರ ದಶಕದಿಂದ ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಎದ್ದವು. ನಮ್ಮ ಸೀಮೆಯ ಹತ್ತಿಗೆ ಹತ್ತಿರದಲ್ಲಿಯೇ ಪೇಟೆಯಾಯಿತು. ಹಳ್ಳಿಗಳ ಮಕ್ಕಳಿಗೆ ಕೆಲಸವಾಯಿತು. ಸ್ವದೇಶಿಯ ಪತ್ರಿಕೆ ಹೊರಟಿದ್ದ ಊರನ್ನು ಜನರು ಹೆಮ್ಮೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರು. ಬಳಿಕ ಒಂದೊಂದಾಗಿ ಆ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿದವು. ನಮ್ಮ ಹೊಲಗಳಲ್ಲಿಯೂ ಎಷ್ಟೋ ಕಡೆ ಹತ್ತಿಯ ಸ್ಥಾನವನ್ನು ಮೆಕ್ಕೆಜೋಳವು ಹಿಡಿದಿದೆ. ಕಂಬಳಿಯ ಸಂಗತಿ ಇನ್ನೂ ಸೂಕ್ಷ್ಮವಾದುದು. ಅದನ್ನು ಸೋಲಿಸಿದುದು ಪರದೇಶದ ಕಂಬಳಿಯಲ್ಲ. ಹೊರದೇಶಗಳಿಂದ ಬಂದ ಹಳೆಯ ಉಣ್ಣೆಬಟ್ಟೆಗಳ ಚಿಂದಿಯನ್ನು ಹಿಂಜಿ ನೂತು ಪಾಣಿಪತ್ತಿನ ಕಾರ್ಖಾನೆಗಳಲ್ಲಿ ಅಗ್ಗವಾಗಿ ಮಾಡಿದ ಹೊದಿಕೆಗಳೂ, ರಾಸಾಯನಿಕ ನೂಲಿನ ಹೊದಿಕೆಗಳೂ ಅದನ್ನು ಮೂಲೆಗೆ ತಳ್ಳಿದವು. ಅವುಗಳ ಮೇಲೆ ಭಾರತದಲ್ಲಿ ತಯಾರಾದುದೆಂಬ ಚೀಟಿಯಿರಬಹುದು. ಅದು ಸುಳ್ಳೂ ಅಲ್ಲ. ಆದರೆ ಆ ಹೊದಿಕೆಯಲ್ಲಿ ಕೂಡ್ಲಿಗಿಯ ಕುರಿಯ ಒಂದು ಎಳೆಯೂ ಇಲ್ಲ. ಚೀಟಿಯನ್ನು ಓದಿದ ಮಾತ್ರಕ್ಕೆ ಸ್ವದೇಶೀ ವ್ರತ ಪೂರೈಸದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ರಾಷ್ಟ್ರಧ್ವಜದ ವಿಷಯವನ್ನೂ ಇಲ್ಲಿ ನೆನೆಯಬೇಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ, 1957ರ ನವೆಂಬರ್ 1ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಖಾದಿಯ ಧ್ವಜಗಳನ್ನು ಸಿದ್ಧಪಡಿಸಿ ದೇಶಕ್ಕೆಲ್ಲ ಒದಗಿಸುತ್ತ ಬಂದಿದೆ. ನೂಲುವುದರಿಂದ ಹೊಲಿಯುವವರೆಗೆ ಈ ಕಾಯಕದಲ್ಲಿ ಹೆಂಗಸರ ಕೈಗಳೇ ಹೆಚ್ಚು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ, ಪಾಲಿಯೆಸ್ಟರ್ ನೂಲಿನ ಧ್ವಜಕ್ಕೂ ಅನುಮತಿಯನ್ನು ಕೊಟ್ಟಾಗ ಆ ಸಂಘದವರು 2022ರಲ್ಲಿ ಪ್ರತಿಭಟಿಸಿದರು. ಧ್ವಜವು ಎಲ್ಲರ ಮನೆಗೂ ಅಗ್ಗವಾಗಿ ದೊರೆಯಬೇಕೆಂಬುದು ಒಂದು ನ್ಯಾಯ. ನೂತವಳ ಅನ್ನ ಉಳಿಯಬೇಕೆಂಬುದು ಮತ್ತೊಂದು ನ್ಯಾಯ. ಇಂತಹ ಕಡೆಗಳಲ್ಲಿ ಎರಡನೆಯ ನ್ಯಾಯಕ್ಕೆ ದನಿ ಕಡಿಮೆ; ಆ ದನಿಗೆ ಬಲವಾಗುವುದು ಧರ್ಮಸಂಸ್ಥೆಗಳ ಮತ್ತು ಉಳ್ಳವರ ಕರ್ತವ್ಯ.

ಹಾಗಾದರೆ ಸದ್ಭಕ್ತರು ಮಾಡತಕ್ಕದ್ದೇನು? ಪರದೇಶದ ಸರಕನ್ನೆಲ್ಲ ಎಸೆಯಬೇಕೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಔಷಧ, ಯಂತ್ರ, ವಿದ್ಯೆಗಳಲ್ಲಿ ದೇಶದೇಶಗಳ ಕೊಡುಕೊಳೆ ಇರಲೇಬೇಕು. ಆದರೆ ಅನ್ನ, ಬಟ್ಟೆ, ಹೊದಿಕೆಗಳಲ್ಲಿ ಒಂದು ವಸ್ತುವನ್ನು ಕೊಳ್ಳುವಾಗ ಇದು ಯಾರ ಹೊಲದ್ದು, ಯಾರ ಕೈಯದ್ದು ಎಂದು ಕೇಳುವ ಅಭ್ಯಾಸವನ್ನು ಮಾಡಿಕೊಳ್ಳಬಹುದು. ಮದುವೆಯ ಉಡುಗೊರೆಯಲ್ಲಿ ಒಂದು ಕೈಮಗ್ಗದ ಸೀರೆ, ಜಂಗಮಪೂಜೆಯಲ್ಲಿ ಒಂದು ಖಾದಿಯ ವಸ್ತ್ರ, ಹಿರಿಯರ ಹಾಸಿಗೆಗೆ ನಮ್ಮ ಸೀಮೆಯ ಒಂದು ಕಂಬಳಿ ಎಂದು ಉಳ್ಳವರು ನಿಯಮ ಮಾಡಿಕೊಂಡರೆ, ಅದರ ಹೆಚ್ಚಿನ ಬೆಲೆಯು ದಾನವಲ್ಲ, ಋಣಸಂದಾಯ. ಬಡವರನ್ನು ಇದರಲ್ಲಿ ಬಲವಂತಪಡಿಸಕೂಡದು. ಕೊಟ್ಟೂರಿನ ರಥೋತ್ಸವಕ್ಕೂ ಮೈಲಾರದ ಜಾತ್ರೆಗೂ ಲಕ್ಷಾಂತರ ಜನ ಕೂಡುವ ನಾಡಿದು. ಆ ಜಾತ್ರೆಗಳಲ್ಲಿ ನೇಕಾರನಿಗೂ ಕಂಬಳಿಗಾರನಿಗೂ ಬಾಡಿಗೆಯಿಲ್ಲದ ಒಂದೊಂದು ಅಂಗಡಿಯ ಸ್ಥಳವನ್ನು ಬಿಟ್ಟುಕೊಟ್ಟರೂ ಮಾಡುವವನು ಕೊಳ್ಳುವವನ ಮುಖವನ್ನು ಮತ್ತೆ ಕಾಣುವನು.

ದೇಶಗಳ ಮುನಿಸು ಇಂದು ಏರಿ ನಾಳೆ ಇಳಿಯುವುದು. ಸುಂಕಗಳನ್ನು ಹೇರಿದವರೇ ತೆಗೆಯುವರು. ಮುನಿಸಿನ ಕಾಲದಲ್ಲಿ ಹುಟ್ಟಿದ ಸ್ವದೇಶಿಯು ಮುನಿಸಿನೊಡನೆಯೇ ಆರಿಹೋಗುವುದು. ನೆರೆಯವನ ದುಡಿಮೆಯನ್ನು ಗೌರವಿಸುವುದರಿಂದ ಹುಟ್ಟಿದ ಸ್ವದೇಶಿಗೆ ಮಾತ್ರ ಸಂಧಿಪತ್ರಗಳ ಹಂಗಿಲ್ಲ. ಅಂತಹ ಬುದ್ಧಿಯು ನಮ್ಮ ಮನೆಮನೆಗಳಲ್ಲಿ ನೆಲಸಲೆಂದು ಶ್ರೀಗುರುಚರಣಗಳಲ್ಲಿ ಬಿನ್ನವಿಸಿ ಈ ಲೇಖನವನ್ನು ಮುಗಿಸುತ್ತೇನೆ.